ತಿರುವಿನ ಕೆಳಗಿನ ಬಾವಿ

ಧಪ್ ಎಂದಿತು ರಸ್ತೆ. ತಟ್ಟೆಯಲ್ಲಿದ್ದ ಚಹಾದ ಲೋಟಗಳು ಕಿಣಿಕಿಣಿ ಎಂದವು. ಶುರೂಕ್ ಕೈಯಲ್ಲಿದ್ದ ರೊಟ್ಟಿಯ ಚೂರು ಬಾಯಿಗೆ ಹೋಗದೆ ಹಾಗೇ ನಿಂತಿತು.

“ಅಜ್ಜಿ, ಹತ್ರ ಬಂತು.”

“ಬರ್ಲಿ. ಬಾಯಿ ಇರೋದು ತಿನ್ನೋಕೆ. ತಿನ್ನು,” ಎಂದಳು ಅಜ್ಜಿ ಫಿದ್ದಾ.

ಶುರೂಕ್ ಕಿಟಕಿಗೆ ಓಡಿದಳು. ಕೆರಕ್ ಬೆಟ್ಟದ ರಸ್ತೆಯಲ್ಲಿ ವ್ಯಾನೊಂದು ಕಬ್ಬಿಣದ ಗಾಡಿ ಎಳೆದುಕೊಂಡು ಇಳಿಯುತ್ತಿತ್ತು. ಸ್ವಲ್ಪ ದೂರ ಬರುವುದು, ನಿಲ್ಲುವುದು. ಗಾಡಿಯ ಹೊಟ್ಟೆಯಿಂದ ದುಂಡನೆಯ ತಟ್ಟೆ ಇಳಿದು ರಸ್ತೆಯ ಮೇಲೆ ಕೂರುವುದು. ಅದರ ಮೇಲೆ ದೊಡ್ಡ ತೂಕ ಬೀಳುವುದು. ಧಪ್. ಮತ್ತೆ ಮುಂದಕ್ಕೆ.

ಮುಂದೆ ಇದ್ದದ್ದು ಅವರ ಮನೆಯ ತಿರುವು.

ತಿರುವಿನ ಕೆಳಗೆ ಬಾವಿಯಿತ್ತು. ಮಳೆನೀರು ಹಿಡಿಯಲು ಹಿಂದಿನವರು ಬಂಡೆಯಲ್ಲಿ ಕೊರೆದದ್ದು. ಹೂಜಿಯ ಹಾಗೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ರಸ್ತೆ ಮಾಡುವವರು ಬಂದಾಗ ಬಾವಿಗೆ ಕಲ್ಲು ತುಂಬಿಸಿ ಎಂದಿದ್ದರಂತೆ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಬಾವಿಗೆ ಕಲ್ಲು ಸುರಿಯಲು ತಾತನಿಗೆ ಕೈ ಬರಲಿಲ್ಲ. ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಹರಡಿ, ತುಂಬಿದ್ದೇನೆ ಎಂದು ಸುಳ್ಳು ಹೇಳಿದ. ಅದರ ಮೇಲೆ ಡಾಂಬರು ಬಂತು. ತಾತ ತೀರಿಕೊಂಡ. ಬಾವಿಯ ಮಾತು ಹೊಸಿಲು ದಾಟಕೂಡದು ಎಂದು ಅಜ್ಜಿ ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದಳು.

ಈಗ ಆ ತೂಕ ಬಿದ್ದರೆ? ವ್ಯಾನು, ಅದರೊಳಗಿನ ಜನ, ಎಲ್ಲ ಕತ್ತಲೆಯೊಳಗೆ! ಆಮೇಲೆ ಪೊಲೀಸರು ಬಂದು ಅಜ್ಜಿಯನ್ನು ಎಳೆದುಕೊಂಡು ಹೋದರೆ?

ಶುರೂಕ್ ಬಾಗಿಲಿಗೆ ಓಡಿದಳು. ಅಜ್ಜಿಯ ಕೈ ಬಂದು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

“ಒಂದು ಮಾತು ಆಡಿದ್ಯೋ, ನೋಡು.”

ವ್ಯಾನು ತಿರುವಿಗೆ ಬಂದು ನಿಂತಿತು. ಧಪ್.

ವ್ಯಾನಿನೊಳಗೆ ಪರದೆ ನೋಡುತ್ತಿದ್ದ ಇಂಜಿನಿಯರ್ ರನೀಮ್ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ತೂಕ ಬಿಡಿಸಿದಳು. ಧಪ್.

“ಏನು ಇಂಜಿನಿಯರಮ್ಮ, ನಿಮ್ಮ ಮೆಷಿನ್‌ಗೆ ಈ ಜಾಗ ಅಷ್ಟು ರುಚಿಯಾಯ್ತಾ?” ಎಂದ ಡ್ರೈವರ್ ಅಬು ನಾಯಿಫ್.

“ಬೇರೆ ಕಡೆ ಕೂದಲೆಳೆಯಷ್ಟು ಬಗ್ಗೋ ರಸ್ತೆ ಇಲ್ಲಿ ಅದರ ಮೂರರಷ್ಟು ಬಗ್ತಿದೆ. ಇನ್ನೊಂದ್ಸಲ ಬಿಡು.”

ಶುರೂಕ್ ಕೈ ಕಿತ್ತುಕೊಂಡು ಓಡಿದಳು.

“ಬೇಡ! ಕೆಳಗೆ ಬಾವಿ ಇದೆ. ನೀವೆಲ್ಲ ಬಿದ್ದುಹೋಗ್ತೀರಿ!”

ಅಬು ನಾಯಿಫ್ ನಗಲಿಲ್ಲ. ವ್ಯಾನನ್ನು ಮೆಲ್ಲಗೆ ದೂರ ತೆಗೆದುಕೊಂಡು ಹೋದ. ರನೀಮ್ ಇಳಿದು ಬಂದು ಶುರೂಕ್ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಇದು ರಸ್ತೆ ಒಡೆಯೋ ಮೆಷಿನ್ ಅಲ್ಲ, ಮರಿ. ಒಂದು ದೊಡ್ಡ ಗಾಡಿಯ ಚಕ್ರ ಎಷ್ಟು ಒತ್ತುತ್ತೋ ಅಷ್ಟೇ ಒತ್ತೋದು. ರಸ್ತೆ ಎಷ್ಟು ಬಗ್ಗುತ್ತೆ ಅಂತ ಅಳೆಯೋದು. ಇಲ್ಲಿ ದಿನಾ ಯಾವ ದೊಡ್ಡ ಗಾಡಿ ಹೋಗುತ್ತೆ?”

“ನೀರಿನ ಟ್ಯಾಂಕರ್,” ಎಂದಳು ಶುರೂಕ್. ಆಮೇಲೆ ತಿರುವಿನ ಕಡೆ ನೋಡಿದಳು. “ನಮ್ಮ ಸ್ಕೂಲ್ ಬಸ್.”

ಹಿಂದಿನಿಂದ ಕೋಲಿನ ಸದ್ದು ಬಂತು. ಅಜ್ಜಿ ರಸ್ತೆಯ ಅಂಚಿನಲ್ಲಿ ನಿಂತು ಕೋಲಿನಿಂದ ಡಾಂಬರು ಕುಟ್ಟಿದಳು.

“ಬಾಯಿ ಇಲ್ಲಿದೆ. ಹೊಟ್ಟೆ ಆ ಕಡೆಗೆ. ಈ ಮಾತು ಮುಚ್ಚಿಟ್ಟವಳು ನಾನು, ಕೇಳೋದು ಇದ್ರೆ ನನ್ನ ಕೇಳಿ. ಬಂಡೆ ಗಟ್ಟಿ ಇದೆ, ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಬಂದೆ.”

ಮರುದಿನ ಬೆಳಗ್ಗೆ ತಿರುವಿಗೆ ಅಡ್ಡವಾಗಿ ಕೆಂಪು ಡ್ರಮ್ಮುಗಳು ನಿಂತಿದ್ದವು. ಬಸ್ಸು ಮೇಲೆ, ರೊಟ್ಟಿ ಅಂಗಡಿಯ ಹತ್ತಿರ ಕಾಯುತ್ತಿತ್ತು. ಶುರೂಕ್ ಬ್ಯಾಗು ಹೊತ್ತು ಏರು ಹತ್ತುತ್ತಾ ಹಿಂತಿರುಗಿ ನೋಡಿದಳು.

ದಿನಾ ಬಸ್ಸು ತಿರುವು ದಾಟುವವರೆಗೂ ಅಜ್ಜಿ ಜಪಮಣಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ತನ್ನನ್ನು ಬೀಳ್ಕೊಡಲು ಎಂದುಕೊಂಡಿದ್ದಳು ಶುರೂಕ್. ಅಜ್ಜಿ ಒಂದು ದಿನವೂ ಕೈ ಬೀಸಿರಲಿಲ್ಲ. ಅವಳ ಕಣ್ಣು ಬಸ್ಸಿನ ಕಿಟಕಿಯ ಮೇಲೆ ಇರುತ್ತಲೂ ಇರಲಿಲ್ಲ. ಚಕ್ರದ ಮೇಲೆ ಇರುತ್ತಿತ್ತು.

ಇವತ್ತು ಬಾಗಿಲಲ್ಲಿ ಯಾರೂ ಇರಲಿಲ್ಲ. ಹಿತ್ತಲಿನಿಂದ ಅಜ್ಜಿ ಕೋಳಿಗಳನ್ನು ಬಯ್ಯುವುದು ಕೇಳಿಸುತ್ತಿತ್ತು.