ಅಮ್ಮನ ಸೀರೆ, ತೇವ ಹೀರುವ ಮಷೀನು

"ನಿಮ್ಮ ಬಚ್ಚಲ ನೀರು ನಮ್ಮಮ್ಮನ ಬೀರು ಮೇಲೆ ಇಳೀತಿದೆ! ನೀವು ಹಾಡು ಹೇಳ್ಕೊಂಡು ಸ್ನಾನ ಮಾಡ್ತಿದ್ದೀರಾ?"

ಬಾಗಿಲು ತೆಗೆದವನ ತಲೆಯಲ್ಲಿ ಇನ್ನೂ ಸೋಪಿನ ನೊರೆ. ಎದುರಿಗೆ ಕೆಂಡದಂಥ ಜಯಮಾಲಾ!

"ಗೊತ್ತಿರಲಿಲ್ರೀ ಮೇಡಂ..."

"ಯಾವೂರು ನಿಮ್ದು?"

"ಕಲಬುರಗಿ ರೀ. ಶಿವಶರಣ ಅಂತ."

"ಅದಕ್ಕೇ! ನೀರು ಕಂಡಿಲ್ಲ ಅನ್ಸುತ್ತೆ, ಇಲ್ಲಿಗೆ ಬಂದು ಕೊಡಗಟ್ಟಲೆ ಸುರೀತಿದ್ದೀರ!"

ಅಬ್ಬಾ, ಈ ಹುಡುಗಿಯ ನಾಲಿಗೆಯೇ! ನಮ್ಮ ನಾಯಕಿ ಅಂತ ಮುಚ್ಚಿಡುವುದಿಲ್ಲ, ಕೋಪ ಬಂದರೆ ಅವಳು ಎದುರಿಗಿರುವವರ ನೋವಿನ ಜಾಗ ಹುಡುಕಿಯೇ ಹೊಡೆಯುತ್ತಾಳೆ. ಬೆನ್ಸನ್ ಟೌನಿನ ಆ ಹಳೇ ಮನೆಯ ಕೆಳಗಿನ ಒಂದೇ ಕೋಣೆಯಲ್ಲಿ ಅವಳು ಒಬ್ಬಳೇ. ಅಮ್ಮ ಹೋದ ವರ್ಷ ತೀರಿಕೊಂಡಿದ್ದಳು. ಉಳಿದದ್ದು ಬೀರುವಿನಲ್ಲಿದ್ದ ಒಂದು ನೀಲಿ ನೂಲಿನ ಸೀರೆ. ಈಗ ಅದಕ್ಕೂ ಬೂಷ್ಟು!

ಶಿವಶರಣ ಅಂದೇ ಪ್ಲಂಬರ್ ಕರೆಸಿದ. ಸೋರುವುದು ನಿಂತಿತು. ಆದರೆ ಬಿಸಿಲು ಕಾಣದ ಗೋಡೆಯ ತೇವ ಹೋಗಲಿಲ್ಲ.

"ಡಿಹ್ಯುಮಿಡಿಫೈಯರ್ ತರೋಣ್ರೀ, ಗಾಳ್ಯಾಗಿನ ತೇವ ಹೀರ್ತದ. ಹಾಳ್ ಮಾಡಿದಾಂವ ನಾನೇ, ನಾನೇ ಕೊಡಸ್ತೀನಿ."

ಶಿವಾಜಿನಗರದ ಅಂಗಡಿಯಲ್ಲಿ ಜಯಮಾಲಾ ಪುಟ್ಟ ಬಿಳಿ ಮಷೀನೊಂದನ್ನು ಎತ್ತಿಕೊಂಡಳು. "ಇದೇ ಇರಲಿ. ಎಷ್ಟು ಮುದ್ದಾಗಿದೆ!"

"ಅದು ಬೀರುವಿನೊಳಗೆ ಇಡೋಕೆ ಸರಿ ಮೇಡಂ, ರೂಮಿಗೆ ಸಾಲಲ್ಲ" ಎಂದ ಅಂಗಡಿಯ ವಾಜಿದ್. ಕಂಪ್ರೆಸರ್ ಇರುವ ದೊಡ್ಡದನ್ನು ಮುಂದಕ್ಕೆ ತಳ್ಳಿದ. "ಇದು ನೋಡಿ. ಟ್ಯಾಂಕ್ ತುಂಬಿದ್ರೆ ತಾನೇ ಆಫ್ ಆಗುತ್ತೆ. ಕಿಟಕಿ ಮುಚ್ಚಿಟ್ಟು ಓಡಿಸ್ಬೇಕು, ಅಷ್ಟೇ."

"ಸದ್ದು ಮಾಡುತ್ತಲ್ಲ?" ಅವಳು ಮುಖ ಸಿಂಡರಿಸಿದಳು.

"ನಿಮಗಿಂತ ಕಮ್ಮೀನೇ ಅದ ರೀ" ಎಂದು ಶಿವಶರಣ ಮೆಲ್ಲಗೆ ಅಂದ.

ವಾಜಿದ್ ನಕ್ಕುಬಿಟ್ಟ. ಅವಳಿಗೂ ನಗು ಬಂತು... ಆದರೆ ತೋರಿಸಲಿಲ್ಲ.

ಆಟೋದಲ್ಲಿ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಅವನು ಹೇಳಿದ, "ಗೋಡಿ ಒಂದ್ ದಿನಕ್ಕ ಒಣಗಂಗಿಲ್ರೀ. ದಿನಾ ಹಚ್ಚಬೇಕು, ದಿನಾ ನೀರು ಚೆಲ್ಲಬೇಕು. ತಾಳ್ಮಿ ಬೇಕು."

ದಿನಾ ಬೆಳಿಗ್ಗೆ ಅವಳು ಟ್ಯಾಂಕಿನ ನೀರು ಹೊರಗೆ ಚೆಲ್ಲುವಾಗ ಮೇಲಿನಿಂದ ಅವನ ದನಿ ಕೇಳುತ್ತಿತ್ತು. "ಇವತ್ತೆಷ್ಟು ಕುಡೀತ್ರೀ ನಿಮ್ಮ ಮಷೀನು?"

"ಹೊಟ್ಟೆ ತುಂಬಾ!"

ಹೀಗೇ ಮಾತು ಬೆಳೆಯಿತು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಅವನು ತನ್ನೆದೆಯ ನೋವನ್ನು ಹೇಳಿಕೊಂಡ. "ನಮ್ಮವ್ವ ನನ್ನ ಹಡದಾಗೇ ಹೋದ್ಲಂತ್ರೀ. ಒಂದ್ ಫೋಟೋನೂ ಇಲ್ಲ. ಮುಖಾ ಹ್ಯಾಂಗಿತ್ತೋ..."

ಜಯಮಾಲಾಳ ಕಣ್ಣು ತುಂಬಿತು. 'ಇವನೇ ನನ್ನವನು' ಎಂದುಕೊಂಡಳು. ಭಾನುವಾರ ಅಮ್ಮನ ಸೀರೆ ಉಟ್ಟು ಅವನಿಗೆ ಹೇಳಿಯೇಬಿಡಬೇಕು!

ಬೂಷ್ಟು ಬೇರೆ ಬಟ್ಟೆಗೆ ತಾಗದಿರಲೆಂದು ಸೀರೆಯನ್ನು ಕವರಿನಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಳು. ಅವನ ತಾರಸಿಯಲ್ಲಿ ಒಳ್ಳೆ ಬಿಸಿಲು, ಅಲ್ಲೇ ತೊಳೆದು ಹರವಿದರೆ ಸಂಜೆಗೆ ಒಣಗುತ್ತದೆ. ಇಂದಿರಾನಗರದ ಡೆಂಟಲ್ ಕ್ಲಿನಿಕ್ಕಿನ ಕೆಲಸಕ್ಕೆ ಹೊತ್ತಾಗಿತ್ತು. ಒಳಗೇನಿದೆ ಎಂದು ಹೇಳಲು ನಾಚಿಕೆ ಬೇರೆ.

"ರೀ, ಬಾಗಿಲ ಹತ್ರ ಒಂದು ಕವರ್ ಇದೆ. ಒಗೆದುಬಿಡಿ, ಪ್ಲೀಸ್!" ಎಂದು ಕೂಗಿ ಓಡಿದಳು.

ಸಂಜೆ ತಾರಸಿಯ ಹಗ್ಗ ಖಾಲಿ.

"ಸೀರೆ ಎಲ್ಲಿ?"

"ಯಾವ ಸೀರಿ ರೀ?"

"ಕವರಲ್ಲಿದ್ದಿದ್ದು! ಒಗೀರಿ ಅಂದಿದ್ನಲ್ಲ!"

"ಒಗದೀನ್ರೀ... ಕಸದ ಗಾಡಿ ಬಂದಿತ್ತು, ಅದರಾಗ..."

ಕಸದ ಗಾಡಿ! ಅಮ್ಮನ ಸೀರೆ!

"ಅದು ನಮ್ಮಮ್ಮಂದು!" ಎಂದು ಚೀರಿದಳು. "ಬೇಕೂಂತ ಮಾಡಿದ್ರಿ! ಹುಟ್ತಾನೇ ತಾಯೀನ ತಿಂದ್ಕೊಂಡವರು ನೀವು... ನಿಮಗೇನ್ರೀ ಗೊತ್ತು ಅಮ್ಮನ ಸೀರೆ ಅಂದ್ರೆ!"

ಶಿವಶರಣನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದ.

ತಾನಂದದ್ದು ಎಂಥದ್ದೆಂದು ಅವಳಿಗೆ ಅನ್ನುವಾಗಲೇ ಗೊತ್ತಿತ್ತು. ಗೊತ್ತಿದ್ದೇ ಅಂದಳು! ಆಮೇಲೆ ಮಷೀನಿನ ವೈರು ಕಿತ್ತು ಮೂಲೆಗೆ ತಳ್ಳಿದಳು. ಗೋಡೆಯ ಮೇಲೆ ಮತ್ತೆ ಕಪ್ಪು ಚುಕ್ಕೆಗಳು ಮೂಡಿದವು. ಮೂಡಲಿ! ಇನ್ನು ಈ ಕೋಣೆಯಲ್ಲಿ ಕಾಪಾಡಿಕೊಳ್ಳುವಂಥದ್ದು ಏನಿದೆ?

ಮನೆಯೊಡತಿ ಪ್ರಿಯಾ ಆಂಟಿ ಒಮ್ಮೆ ತಡೆದು ನಿಲ್ಲಿಸಿದರು. "ಆ ಹುಡುಗ ಕಸ ವಿಂಗಡಿಸೋ ಜಾಗಕ್ಕೆ ಹೋಗಿ ರಾಶಿನೆಲ್ಲ ಕೆದಕಿದ್ದಾನಮ್ಮ. ಗಾಜು ಚುಚ್ಚಿ ಕೈಗೆ ಹೊಲಿಗೆ ಬಿದ್ದಿದೆ."

"ಸೀರೆ ಸಿಕ್ತಾ?"

"ಇಲ್ಲ."

"ಹಾಗಾದ್ರೆ ನಂಗ್ಯಾಕೆ ಹೇಳ್ತೀರಾ?" ಎಂದು ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡ ಅಜ್ಜಿಯೊಬ್ಬರು, ಕಾಶಮ್ಮ, ರಕ್ತದ ಹತ್ತಿ ಹಿಡಿದು ಕೌಂಟರಿಗೆ ಬಂದರು.

"ಇದನ್ನ ಎಲ್ಲಿ ಒಗೀಲಿ ತಂಗಿ?"

"ಅಯ್ಯೋ, ಹತ್ತೀನ ಯಾರಾದ್ರೂ ಒಗೀತಾರಾ ಅಜ್ಜಿ? ಆ ಡಬ್ಬಕ್ಕೆ ಬಿಸಾಕಿ!"

"ಅದನ್ನೇ ಹೇಳ್ಲಾಕತ್ತೀನಲ್ಲ ನಮ್ಮವ್ವ... ಡಬ್ಬದಾಗ ಒಗೀತೀನಿ ಅಂತ."

ಜಯಮಾಲಾಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಅಜ್ಜೀ... ನಿಮ್ಮೂರು ಯಾವುದು?"

"ಕಲಬುರಗಿ ಕಡೇದವ್ವಾ."

ಒಗೆದುಬಿಡಿ... ಒಗೆದುಬಿಡಿ, ಪ್ಲೀಸ್! ಅಯ್ಯೋ ದೇವರೇ! ಅವಳು ಹೇಳಿದ್ದನ್ನೇ ಅವನು ಮಾಡಿದ್ದ! ಅವನದು ತಪ್ಪು ತಿಳಿವಳಿಕೆ. ತಾನಂದದ್ದು? ಅದಕ್ಕೆ ಎರಡು ಅರ್ಥವಿರಲಿಲ್ಲ.

ಅವಳು ಮನೆ ಮುಟ್ಟಿದಾಗ ಗೇಟಿನ ಮುಂದೆ ಆಟೋ ನಿಂತಿತ್ತು. ಶಿವಶರಣ ಬ್ಯಾಂಡೇಜಿನ ಕೈಯಲ್ಲಿ ಸೂಟ್‌ಕೇಸ್ ಏರಿಸುತ್ತಿದ್ದ.

"ಎಲ್ಲಿಗೆ?"

"ರಾಮಮೂರ್ತಿ ನಗರಕ್ಕ. ಅಲ್ಲೊಂದ್ ರೂಮ್ ನೋಡೀನಿ."

"ನಂಗೆ ಗೊತ್ತಿರ್ಲಿಲ್ಲ... ನಿಮ್ಮ ಕಡೆ ಒಗೆಯೋದು ಅಂದ್ರೆ ಬಿಸಾಕೋದು ಅಂತಾನೂ..." ಅವಳು ಆಟೋಗೆ ಅಡ್ಡ ನಿಂತಳು. "ಹೇಳ್ಬಹುದಿತ್ತಲ್ವಾ?"

"ಹೇಳಿದ್ರ ಸೀರಿ ಬರ್ತಿತ್ತೇನ್ರೀ?"

"ನಾನಂದ ಮಾತು... ಅದನ್ನ ಮರೀತೀರಾ?"

ಅವನು ಸೂಟ್‌ಕೇಸನ್ನು ಆಟೋದೊಳಗಿಟ್ಟ. "ಇಲ್ರೀ. ಮರಿಯಂಗಿಲ್ಲ. ಸಣ್ಣಾಂವಿದ್ದಾಗಿಂದ ಊರಾಗ ಮಂದಿ ಅದನ್ನೇ ಅಂತಿದ್ರು. ನೀವಾದ್ರೂ ಅನ್ನಂಗಿಲ್ಲ ಅನ್ಕೊಂಡಿದ್ದೆ."

ಅವಳು ಬೀದಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಆಟೋದವನು ಮುಖ ತಿರುಗಿಸಿದ.

"ಆ ಸೀರೆ ಉಟ್ಕೊಂಡು ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳ್ಬೇಕು ಅಂತಿದ್ದೆ. ಈಗ ಸೀರೆ ಇಲ್ಲ. ಹೇಳೋ ಯೋಗ್ಯತೆನೂ ಇಲ್ಲ. ಆದ್ರೂ ಹೇಳ್ತಿದ್ದೀನಿ."

ಶಿವಶರಣನ ಕಣ್ಣು ಒದ್ದೆಯಾಯಿತು. ಆದರೆ ಅವನು ಅಲುಗಲಿಲ್ಲ.

"ಗೋಡೆ ಒಂದೇ ದಿನಕ್ಕೆ ಒಣಗಲ್ಲ ಅಂದಿದ್ದು ನೀವೇ ಅಲ್ವಾ?" ಎಂದಳು ಅವಳು. "ದಿನಾ ಕ್ಷಮೆ ಕೇಳ್ತೀನಿ. ನಿಮಗೆ ಎಷ್ಟು ದಿನ ಬೇಕೋ ಅಷ್ಟು ದಿನ."

ಅವನು ನಿಧಾನವಾಗಿ ಸೂಟ್‌ಕೇಸ್ ಕೆಳಗಿಳಿಸಿದ.

"ಮಷೀನ್ ಹಚ್ಚೀರೇನ್ರೀ?"

"ಇಲ್ಲ. ಮೂಲೆಗೆ ತಳ್ಳಿದ್ದೀನಿ."

"ನಡೀರಿ, ಹಚ್ಚೋಣು." ಒಂದು ಹೆಜ್ಜೆ ಇಟ್ಟು ನಿಂತ. "ಮತ್ತೊಮ್ಮೆ ಸಿಟ್ಟು ಬಂದ್ರ ನನ್ನೂ ಒಗೀತೀರೇನ್ರೀ?"

ಕಣ್ಣೀರಿನ ನಡುವೆಯೇ ಅವಳು ಗಾಯವಾದ ಆ ಕೈಯನ್ನು ಮೆಲ್ಲಗೆ ಹಿಡಿದಳು.

"ನಿಮ್ಮೂರ ಅರ್ಥದಲ್ಲಿ... ಯಾವತ್ತೂ ಇಲ್ಲ."