ಫೋನಿನಲ್ಲಿ ಕಾಣದ ಅಪ್ಪನ ಮಾತು

"ಇದನ್ನ ಓದೋಕೆ ಭೂತಗನ್ನಡಿ ಬೇಕು ಕಣ್ರೀ! ಮಾತಾಡಿದವರ ಮೇಲೆ ನಿಮಗೇನಾದ್ರೂ ಸೇಡಾ?"

ಕೆಲಸಕ್ಕೆ ಸೇರಿದ ಮೊದಲ ಬೆಳಗ್ಗೆಯೇ ಅವಳು ಅವನ ಮೇಜಿನ ಮುಂದೆ ಹೀಗೆ ಕೂಗಾಡಿದ್ದಳು. ಅದೊಂದು ವೆಬ್ ಪತ್ರಿಕೆ. ಅವಳು ಬರೆಯುವವಳು, ಅವನು ಪುಟಗಳಿಗೆ ರೂಪ ಕೊಡುವವನು. ಪ್ರತಿ ಲೇಖನದ ನೆತ್ತಿಯ ಮೇಲೆ ಯಾರದಾದರೂ ಒಂದು ಮಾತನ್ನು ಹಾಕುವುದು ಅಲ್ಲಿನ ರೂಢಿ. ಈ ಮಹಾಶಯ ಅದನ್ನು ಇರುವೆ ಗಾತ್ರದ ತಿಳಿಬೂದು ಅಕ್ಷರದಲ್ಲಿ ಕೂರಿಸಿದ್ದ.

"ಮೇಲಿನ ಸಾಲನ್ನ ಯಾರು ಓದ್ತಾರೆ ಮೇಡಂ? ಎಲ್ರೂ ಸೀದಾ ಕೆಳಗೆ ಹಾರ್ತಾರೆ," ಎಂದು ನಕ್ಕ.

ಅಬ್ಬಾ, ಆ ನಗು! ಅವಳ ಮೈಯೆಲ್ಲ ಉರಿಯಿತು. ಆದರೆ ಹಾವು ಮುಂಗುಸಿಯಂತಿದ್ದವರು ಬರಬರುತ್ತ ಊಟದ ಡಬ್ಬಿ ಹಂಚಿಕೊಂಡರು. 'ನೀವು' ಹೋಗಿ 'ನೀನು' ಬಂತು.

ಅವಳ ಅಪ್ಪ ಆಸ್ಪತ್ರೆ ಸೇರಿದ್ದು ಆಗಲೇ. ದರ್ಜಿ ಆತ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಗಳಿಗೆ ಬುದ್ಧಿ ಹೇಳುತ್ತಿದ್ದ ಮನುಷ್ಯ. ಅವಳು ಅಪ್ಪನ ಬಗ್ಗೆ ಬರೆದಳು. ನೆತ್ತಿಗೆ ಅವನದೇ ಮಾತನ್ನಿಟ್ಟಳು:

ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀಬಹುದು. ಮಾತು ತಪ್ಪಿದ್ರೆ ಏನನ್ನ ಬಿಚ್ತೀಯ ಮಗಳೇ?
— ಅಪ್ಪ

ಪುಟ ರೂಪಿಸುವ ಹುಡುಗ ಆ ಸಾಲನ್ನು ದೊಡ್ಡದು ಮಾಡಿದ. ಸುತ್ತ ಜಾಗ ಬಿಟ್ಟ. ಎಡಕ್ಕೆ ಹೊಲಿಗೆಯ ಹಾಗೆ ಚುಕ್ಕಿಗೆರೆ ಎಳೆದು, ಕೆಳಗೆ ಬಲಕ್ಕೆ 'ಅಪ್ಪ' ಎಂದು ಕೂರಿಸಿದ. ಕಂಪ್ಯೂಟರಿನಲ್ಲಿ ಅದನ್ನು ನೋಡಿ ಅವಳು ಅತ್ತೇಬಿಟ್ಟಳು.

"ನಾಳೆ ನೋಡಪ್ಪಾ, ಎಲ್ಲಕ್ಕಿಂತ ಮೇಲೆ ನಿನ್ ಮಾತೇ ಇರುತ್ತೆ!" ಎಂದು ಆಸ್ಪತ್ರೆಯಲ್ಲಿ ಅಪ್ಪನಿಗೆ ಹೇಳಿದಳು.

ಮರುದಿನ ಅಪ್ಪ ಫೋನನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ಹುಡುಕಿದ.

"ಎಲ್ಲಿ ಮಗಳೇ ನನ್ ಮಾತು? ... ಹೋಗ್ಲಿ ಬಿಡು. ದರ್ಜಿ ಮಾತು ಯಾರಿಗೆ ಬೇಕು."

ಅವಳು ಕಿತ್ತುಕೊಂಡು ನೋಡಿದಳು. ಇಲ್ಲ! ತನ್ನ ಫೋನಿನಲ್ಲೂ ಇಲ್ಲ! ಹೊರಗೆ ಓಡಿ ಆ ಹುಡುಗನಿಗೆ ಕರೆ ಮಾಡಿದಳು.

"ತೆಗೆದುಬಿಟ್ಯಾ?"

"ಅಯ್ಯೋ, ನಾನು ಮುಟ್ಟೇ ಇಲ್ಲ! ನನ್ ಕಣ್ಮುಂದೇನೇ ಇದೆಯಲ್ಲ..."

"ಸುಳ್ಳುಗಾರ! ಯಾರೂ ಓದಲ್ಲ ಅಂದವನಲ್ವಾ ನೀನು? ಸಾಯೋ ಮನುಷ್ಯನ ಆಸೇನ ಕತ್ತರಿಸಿ ಬಿಸಾಕಿದೆ. ಇನ್ಮೇಲೆ ನಿನ್ ಮುಖ ತೋರಿಸ್ಬೇಡ!"

ಅಂದು ಸಂಜೆ ಅಪ್ಪ ಕಣ್ಣು ಮುಚ್ಚಿದ. ಅವಳು ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ.

ಎಷ್ಟೋ ತಿಂಗಳ ಮೇಲೆ ಆ ಹುಡುಗ ಅವಳ ಮನೆ ಬಾಗಿಲಲ್ಲಿ ನಿಂತಿದ್ದ. ಸೊರಗಿ ಅರ್ಧವಾಗಿದ್ದ.

"ಫೋನಿನ ಪರದೆ ಚಿಕ್ಕದು ಅಂತ, ಅದರಲ್ಲಿ ಮೇಲಿನ ಸಾಲು ಕಾಣಿಸ್ದೇ ಇರೋ ಹಾಗೆ ನಾನೇ ಮಾಡಿಟ್ಟಿದ್ದೆ. ನೀನು ಬರೋಕೂ ಮುಂಚೆ. ಮರೆತೇ ಹೋಗಿತ್ತು. ಆವತ್ತು ನಾನು ನೋಡಿದ್ದು ಕಂಪ್ಯೂಟರಲ್ಲಿ, ನೀನು ನೋಡಿದ್ದು ಫೋನಲ್ಲಿ..."

ಹಾಗಾದರೆ ಇವನು ಸುಳ್ಳು ಹೇಳಿರಲಿಲ್ಲ! ಸುಳ್ಳುಗಾರ ಅಂದುಬಿಟ್ಟೆನಲ್ಲ...

"ಗೊತ್ತಾದ ತಕ್ಷಣ ಯಾಕೆ ಬರ್ಲಿಲ್ಲ?"

"ಗೊತ್ತಾಗಿದ್ದು ಮಾರನೇ ದಿನ. ಆಗ್ಲೇ ಸರಿ ಮಾಡ್ದೆ. ನಾನು ಬಂದಿದ್ರೆ ಅಪ್ಪ ಎದ್ದು ಓದ್ತಿದ್ರಾ?"

"ಮತ್ತೆ ಈಗ್ಯಾಕೆ ಬಂದೆ?"

"ನಿನ್ನ ಬಿಟ್ಟು ಇರೋಕಾಗ್ತಿಲ್ಲ ಕಣೆ. ಅದಕ್ಕೆ."

ಅವಳು ಒಳಗೆ ಹೋಗಿ ಅಪ್ಪನ ಫೋನು ತಂದಳು. ಪುಟ ತೆರೆದಳು. ಪುಟ್ಟ ಪರದೆಯ ನೆತ್ತಿಯಲ್ಲಿ, ಚುಕ್ಕಿಗೆರೆಯ ಪಕ್ಕ, ಮಾತು ಇತ್ತು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದಳು ಕಹಿಯಾಗಿ. "ಇದನ್ನ ನೋಡಿದಾಗೆಲ್ಲ ನಿನ್ ಮೇಲೆ ಸಿಟ್ಟು ಬರುತ್ತೆ ನಂಗೆ. ನಾನಾಡಿದ ಮಾತಿಗೆ ನನ್ ಮೇಲೂ. ಸಾಯೋತನಕ."

"ಬರ್ಲಿ. ಪಕ್ಕದಲ್ಲೇ ಇರ್ತೀನಿ, ಬೈತಾ ಇರು."

ಅವಳು ಬಾಗಿಲಿನಿಂದ ಸರಿದಳು.

"ಬಾ. ಫೋಟೋ ಮುಂದೆ ನಿಂತು ಜೋರಾಗಿ ಓದು. ಅಪ್ಪಂಗೆ ಕೇಳ್ಲಿ."

ಅವನು ಓದಿದ. 'ಮಗಳೇ' ಎನ್ನುವಲ್ಲಿಗೆ ನಿಲ್ಲಿಸಿಬಿಟ್ಟ.

"ಇನ್ನೂ ಒಂದು ಪದ ಇದೆ," ಎಂದು ಅವಳು ಅವನ ಕೈ ಹಿಡಿದಳು.

"ಅದನ್ನ ನೀನೇ ಹೇಳು," ಎಂದ.

"ಅಪ್ಪ," ಎಂದಳು ಅವಳು.