ಹದಿನೈದು ಅಡಿಯ ಉಡುಗೊರೆ

“ಇದು ಬೇಡ,” ಅಂದಳು ಫೆನ್ನಾ.

ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ಅಂಗಡಿಯ ನಡುವೆ ಕಾಲಗಲಿಸಿ ನಿಂತು, ಮೀನು ಹಿಡಿಯುವ ಹೊಸ ರಾಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದ. ಅದರ ತುದಿ ಎದುರು ಗೋಡೆಗೆ ನೇತುಹಾಕಿದ್ದ ಟೋಪಿಗಳನ್ನು ಸವರುತ್ತಿತ್ತು.

“ನೋಡು ನೋರೀನ್, ತುದಿ ನಡುಗಿ ಹೇಗೆ ತಟ್ಟಂತ ನಿಲ್ಲುತ್ತೆ!”

“ಕಾಣ್ತಿದೆ ಡಿರ್ಕ್,” ಅಂದಳು ಅಂಗಡಿಯ ನೋರೀನ್. “ಬೆಳಗ್ಗೆಯಿಂದ ಊರಿನ ಅರ್ಧ ಗಂಡಸರು ಬಂದು ಅದನ್ನ ಅಲ್ಲಾಡಿಸಿ ಹೋಗಿದಾರೆ. ನನ್ನ ಟೋಪಿಗಳೆಲ್ಲ ಉದುರಿದ್ದಷ್ಟೇ ಲಾಭ.”

“ಅಪ್ಪ, ಇದು ಬೇಡ ಅಂದೆ.”

“ಒಂದ್ನಿಮಿಷ ಪುಟ್ಟಿ.”

ಫೆನ್ನಾಳಿಗೆ ಹತ್ತು ತುಂಬಿತ್ತು. ಹತ್ತು ತುಂಬಿದವರಿಗೆ ಸ್ವಂತ ರಾಡು, ಅದನ್ನು ಅವರೇ ಆರಿಸಬೇಕು. ಇದು ಅವರ ಮನೆಯ ಕಾನೂನು. ದಾರ ಸುತ್ತುವ ರೀಲನ್ನು ಅಜ್ಜಿ ಆಗಲೇ ಕೊಟ್ಟಿದ್ದಳು. ಅದು ಸೆಂಟರ್‌ಪಿನ್ ರೀಲು, ನಡುವಿನ ಒಂದು ಕಡ್ಡಿಯ ಮೇಲೆ ಉಸಿರು ತಾಗಿದರೂ ತಿರುಗುವ ಗಾಲಿ. ಅದಕ್ಕೆ ಬ್ರೇಕಿಲ್ಲ. ಮೀನು ಓಡಿದರೆ ಅಂಚಿಗೆ ಅಂಗೈ ಒತ್ತಿ ತಡೆಯಬೇಕು, ಅಷ್ಟೇ.

ಅವಳು ಆರಿಸಿಯೂ ಆಗಿತ್ತು. ಬೇಸಿಗೆಯಿಡೀ ಅಂಗಡಿಗೆ ಬಂದು ಒಂದೊಂದೇ ರಾಡನ್ನು ಹಿಡಿದು ನೋಡಿದ್ದಳು. ಕೊನೆಗೆ ಮೂಲೆಯಲ್ಲಿದ್ದ ಕಂದು ಬಣ್ಣದ್ದು ಸರಿ ಅನಿಸಿತು. ಹೊಳಪಿಲ್ಲ, ಅಂಥ ಉದ್ದವೂ ಇಲ್ಲ. ಆದರೆ ಅದರ ಹಿಡಿಯಲ್ಲಿ ಜಾರುವ ಎರಡು ಉಂಗುರಗಳಿದ್ದವು. ರೀಲನ್ನು ನಮಗೆ ಬೇಕಾದಲ್ಲಿಗೆ ಸರಿಸಿಕೊಂಡು, ಉಂಗುರ ಬಿಗಿದು, ಮೇಲೆ ಟೇಪು ಸುತ್ತಬಹುದು. ಹಿಡಿಯ ಬುಡ ಮೊಣಕೈ ದಾಟಬಾರದು. ದಾಟಿದರೆ ಪಕ್ಕೆಲುಬಿಗೆ ಚುಚ್ಚುತ್ತದೆ.

ಅಪ್ಪನ ಕೈಯಲ್ಲಿದ್ದ ರಾಡಿನಲ್ಲಿ ರೀಲಿಗೆ ಒಂದೇ ಜಾಗ. ಸ್ಕ್ರೂ ತಿರುಗಿಸಿ ಕೂರಿಸಿದರೆ ಮುಗಿಯಿತು. ಆ ಜಾಗ ದೊಡ್ಡವರ ಕೈಯ ಅಳತೆಯದು.

“ಅಪ್ಪ, ನಾನು ಹೇಳಿದ್ದು ಆ ಕಂದು ಬಣ್ಣದ್ದು.”

“ಉಂಗುರದ್ದಾ? ಬೇಡಪ್ಪ! ಚಳಿಗೆ ಸಡಿಲ ಆಗಿ ರೀಲು ನೀರಿಗೆ ಬೀಳುತ್ತೆ.”

“ಟೇಪು ಸುತ್ತುತೀನಿ.”

“ಇದಕ್ಕೆ ಟೇಪೇ ಬೇಡ. ಹದಿನೈದು ಅಡಿ! ದಾರ ನೀರಿಗೆ ತಾಗೋದೇ ಇಲ್ಲ ನೋಡು.”

“ನನಗೆ ಉದ್ದ ಆಗುತ್ತೆ.”

“ನೀನು ಬೆಳೀತೀಯಲ್ಲ,” ಅಂದ ಅಪ್ಪ. ಹಾಗೆನ್ನುವಾಗ ಅವನು ಮಗಳನ್ನು ನೋಡಲಿಲ್ಲ. ರಾಡನ್ನು ನೋಡುತ್ತಿದ್ದ. ಕರುವಿನ ಬೆನ್ನು ಸವರುವಂತೆ ಬೆರಳಿನಿಂದ ಅದನ್ನು ಸವರುತ್ತಿದ್ದ.

ನೋರೀನ್ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ರಾಡನ್ನು ಗಲ್ಲೆಯ ಮೇಲಿಟ್ಟು, “ಕಟ್ಟಿಬಿಡು,” ಅಂದ.

ಫೆನ್ನಾಳ ಕಿವಿ ಬಿಸಿಯಾಯಿತು. ಅವಳು ಹೊರಗೆ ಹೋಗಿ ಪಿಕಪ್ಪಿನೊಳಗೆ ಕೂತು, ಬಾಗಿಲನ್ನು ಧಡ್ಡೆಂದು ಹಾಕಿಕೊಂಡಳು. ಸಾಲದೆನಿಸಿ ಮತ್ತೆ ತೆರೆದು ಇನ್ನೊಮ್ಮೆ ಹಾಕಿದಳು.

* * *

ಅಡುಗೆಮನೆಯಲ್ಲಿ ಅಮ್ಮ ಮೀನಿನ ಮೊಟ್ಟೆಗಳನ್ನು ಗುಲಾಬಿ ಬಣ್ಣದ ಬಲೆಬಟ್ಟೆಯ ಚೂರುಗಳಲ್ಲಿಟ್ಟು, ಕಡಲೆಕಾಳಿನ ಗಾತ್ರದ ಪೊಟ್ಟಣ ಕಟ್ಟುತ್ತಿದ್ದಳು. ಗಾಳಕ್ಕೆ ಚುಚ್ಚಲು. ಒಲೆಯ ಮೇಲೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯ ಮೂಳೆಗಳು ಸೂಪಿಗೆಂದು ಕುದಿಯುತ್ತಿದ್ದವು.

ಅಪ್ಪ ರಾಡಿನ ತುಂಡುಗಳನ್ನು ಜೋಡಿಸಿದ. ತುದಿ ಅಡುಗೆಮನೆ ದಾಟಿ, ಪಡಸಾಲೆ ದಾಟಿ, ಟೀವಿಯ ಹತ್ತಿರ ಹೋಯಿತು.

ಅಮ್ಮ ರಾಡು ನೋಡಿದಳು. ಮಗಳ ಮುಖ ನೋಡಿದಳು. ಆಮೇಲೆ ಅಪ್ಪನನ್ನು ಕೇಳಿದಳು: “ಯಾರ ಬರ್ತ್‌ಡೇ?”

“ಫೆನ್ನಾದು! ಇನ್ಯಾರದು?”

“ಅಲ್ಲ, ಸುಮ್ನೆ ಕೇಳಿದೆ.”

“ಅವನಿಗೋಸ್ಕರಾನೇ ತಗೊಂಡಿದ್ದು!” ಫೆನ್ನಾ ಕಿರುಚಿದಳು. “ನನ್ನ ಹೆಸರು ಹೇಳಿ ಅವನಿಗೆ ತಗೊಂಡ!”

“ಏ, ಹಾಗೆಲ್ಲ ಮಾತಾಡಬೇಡ,” ಅಂದ ಅಪ್ಪ. “ಅಷ್ಟು ಒಳ್ಳೆ ರಾಡು ನನ್ನ ಹತ್ರಾನೂ ಇಲ್ಲ, ಗೊತ್ತಾ?”

“ಅದನ್ನೇ ನಾನು ಹೇಳ್ತಿರೋದು!”

ಅಮ್ಮ ಕೆಮ್ಮಿದಳು. ಅದು ಕೆಮ್ಮಲ್ಲ, ನಗು. ಫೆನ್ನಾಳಿಗೆ ಅಮ್ಮನ ಮೇಲೂ ಸಿಟ್ಟು ಬಂತು. ಇದರಲ್ಲಿ ನಗುವಂಥದ್ದು ಏನಿದೆ?

* * *

ಮಾರನೆಯ ಬೆಳಿಗ್ಗೆ ಅಣೆಕಟ್ಟೆಯ ಕೆಳಗೆ, ನದಿ ಅಗಲವಾಗುವ ಕಡೆ, ಆಗಲೇ ಜನ ಸಾಲಾಗಿ ನಿಂತಿದ್ದರು. ಮೊದಲ ಮಳೆಗೆ ಹ್ಯೂರಾನ್ ಸರೋವರದಿಂದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ನದಿಗೆ ಹತ್ತಿ ಬಂದಿದ್ದವು. ಅವುಗಳ ಬೆನ್ನ ಹಿಂದೆಯೇ ಸ್ಟೀಲ್‌ಹೆಡ್ ಮೀನುಗಳೂ ಬಂದಿವೆಯೆಂದು ಸುದ್ದಿ. ಎಲ್ಲರೂ ಒಬ್ಬರಾದ ಮೇಲೊಬ್ಬರು ದಾರಕ್ಕೆ ಕಟ್ಟಿದ ಬೆಂಡು ಎಸೆದು, ನೀರಿನ ಜೊತೆ ತೇಲಿಬಿಟ್ಟು, ಮತ್ತೆ ಸುತ್ತಿಕೊಳ್ಳುತ್ತಿದ್ದರು.

“ಓಹೋ, ಫೆನ್ನಾ!” ಅಂದಳು ಅರ್ಲೀನ್ ಆಂಟಿ. ಸ್ಕೂಲ್ ಬಸ್ಸು ಓಡಿಸುವವಳು ಅವಳೇ. “ಸ್ಕೂಲಿನ ಬಾವುಟದ ಕಂಬ ಕಿತ್ಕೊಂಡು ಬಂದ್ಯಾ?”

ಸಾಲಿನಲ್ಲಿ ಇಬ್ಬರು ಮೂವರು ನಕ್ಕರು. ಫೆನ್ನಾ ಹಲ್ಲು ಕಚ್ಚಿ ನೀರಿಗಿಳಿದಳು.

ಮೊದಲ ಸಲ ಬೆಂಡು ಸರಿಯಾಗೇ ಹೋಯಿತು. ಆದರೆ ಹಿಡಿಯ ಬುಡ ಪಕ್ಕೆಗೆ ಚುಚ್ಚುತ್ತಿತ್ತು. ಮೊಣಕೈಯನ್ನು ಹೊರಗೆ ಚಾಚಿದರೆ ಬೆರಳು ರೀಲಿನ ಅಂಚಿಗೆ ಎಟುಕುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಸೋತು, ರಾಡಿನ ತುದಿ ಪಟಾರನೆ ನೀರಿಗೆ ಬಡಿಯಿತು. ಅವಳ ದಾರ ಹೋಗಿ ಅರ್ಲೀನ್ ಆಂಟಿಯ ದಾರಕ್ಕೆ ಸುತ್ತಿಕೊಂಡಿತು.

“ಸಾರಿ ಆಂಟಿ.”

“ಇರ್ಲಿ ಬಿಡು. ಬಿಡಿಸ್ಕೊಳ್ಳೋಣ.”

“ಮೇಲೆತ್ತು ಫೆನ್ನಾ, ಎತ್ತು, ಇನ್ನೂ ಎತ್ತು,” ಅಂದ ಅಪ್ಪ. ಅವನು ಹಿಂದೆಯೇ ನಿಂತಿದ್ದ. ಅವನ ದೊಡ್ಡ ಕೈಗಳು ಅವಳ ಕೈಗಳ ಮೇಲೆ ಬಂದವು. “ಕೊಡಿಲ್ಲಿ. ಒಂದು ಸಲ ತೋರಿಸ್ತೀನಿ.”

ಒಂದು ಸಲ ತೋರಿಸಿದ. ಬೆಂಡು ಗೀಟು ಎಳೆದಂತೆ ನೇರವಾಗಿ ಸಾಗಿತು. ಅಜ್ಜಿಯ ರೀಲು ಸದ್ದಿಲ್ಲದೆ ತಿರುಗಿತು.

“ನೋಡಿದ್ಯಾ? ಇನ್ನೊಂದ್ಸಲ ನೋಡು.”

ಇನ್ನೊಂದು ಸಲವೂ ಆಯಿತು. ಆಮೇಲೆ ಅವನು “ನೋಡು” ಅನ್ನುವುದನ್ನೇ ಬಿಟ್ಟ.

ಫೆನ್ನಾ ದಡದ ಬಂಡೆಯ ಮೇಲೆ ಕೂತಳು. ಚೀಲದಿಂದ ಟರ್ಕಿ ಸ್ಯಾಂಡ್‌ವಿಚ್ ತೆಗೆದು, ಅದೇ ತನಗೆ ಅನ್ಯಾಯ ಮಾಡಿತು ಎಂಬಂತೆ ಕಚ್ಚಿ ಕಚ್ಚಿ ತಿಂದಳು. ಅಪ್ಪನ ಪಾಲಿನದನ್ನೂ ತಿಂದಳು. ಅಪ್ಪ ತಿರುಗಿ ನೋಡಲಿಲ್ಲ. ಅವನ ಬೆನ್ನು ಎಷ್ಟು ಖುಷಿಯಾಗಿತ್ತೆಂದರೆ, ಬೆನ್ನಿಗೂ ಮುಖವಿದೆ ಅನಿಸುತ್ತಿತ್ತು.

“ಫೆನ್ನಾ,” ಅರ್ಲೀನ್ ಆಂಟಿ ಕೂಗಿದಳು, “ನಿಮ್ಮಪ್ಪನ ಬರ್ತ್‌ಡೇ ಜೋರಾಗಿದೆ ಕಣೇ!”

ಆಗ ಫೆನ್ನಾಳಿಗೆ ತಡೆಯಲಾಗಲಿಲ್ಲ. ಅವಳು ಬಂಡೆಯ ಮೇಲೆ ಎದ್ದು ನಿಂತಳು.

“ಅಪ್ಪ, ಹೇಳು!” ಅಂತ ಕಿರುಚಿದಳು. “ಅದು ಯಾರ ರಾಡು ಅಂತ ಹೇಳು!”

ಸಾಲಿನುದ್ದಕ್ಕೂ ತಲೆಗಳು ತಿರುಗಿದವು. ಅಪ್ಪನ ಕುತ್ತಿಗೆ ಕೆಂಪಾಯಿತು.

“ಫೆನ್ನಾ, ಕಿರುಚಬೇಡ. ಮೀನು ಹೆದರ್ತವೆ...”

“ಮೀನಿಗೂ ಗೊತ್ತಾಗ್ಲಿ! ಯಾರದು?”

ಯಾರೂ ಹಿಡಿಯದ ಅಪ್ಪನ ಬೆಂಡು ತನ್ನ ಪಾಡಿಗೆ ತಾನು ದೂರ ದೂರ ಹೋಗುತ್ತಿತ್ತು.

“ನಂದು,” ಅಂದ ಅಪ್ಪ.

“ಕೇಳಿಸ್ಲಿಲ್ಲ.”

“ನಂದು!” ಅಂದ. ಆಮೇಲೆ ನಿಧಾನವಾಗಿ ದಾರ ಸುತ್ತಿಕೊಂಡು ದಡಕ್ಕೆ ಬಂದ. ಅವಳ ಹತ್ತಿರ ಬಂದು, ಬರೀ ಅವಳಿಗೆ ಕೇಳಿಸುವಂತೆ ಹೇಳಿದ. “ಅಂಗಡಿಯಲ್ಲಿ ನಿನಗೇ ಅಂದ್ಕೊಂಡೇ ಎತ್ಕೊಂಡಿದ್ದು. ನಿಜವಾಗ್ಲೂ. ಎತ್ಕೊಂಡ ಮೇಲೆ ಕೆಳಗಿಡೋಕೆ ಆಗ್ಲಿಲ್ಲ.”

ಫೆನ್ನಾ ಬಂಡೆಯಿಂದ ಕೆಳಗಿಳಿದಳು.

“ಇವತ್ತೇ ನೋರೀನ್ ಹತ್ರ ಹೋಗೋಣ. ಆ ಕಂದು ರಾಡು...”

“ಅದಿಲ್ಲ. ನೀನಿನ್ನೂ ಒಳಗೇ ಇದ್ದಾಗ ಯಾರೋ ಒಬ್ರು ಅದನ್ನ ತಗೊಂಡು ಹೊರಗೆ ಬಂದ್ರು. ನಾನು ಗಾಡಿಯಲ್ಲಿ ಕೂತು ನೋಡಿದೆ.” ಅಳು ಬರುತ್ತಿರುವುದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. “ನೀನು ನೋಡ್ಲಿಲ್ಲ. ನೀನು ಏನೂ ನೋಡ್ಲಿಲ್ಲ.”

ಅವಳು ಅವನನ್ನು ದಾಟಿ ನಡೆದಳು. ಸೀಡರ್ ಮರಕ್ಕೆ ಒರಗಿಸಿಟ್ಟಿದ್ದ ಅಪ್ಪನ ಹಳೆಯ ರಾಡನ್ನು ಎತ್ತಿಕೊಂಡಳು. ಯಾವಾಗಲೋ ಪಿಕಪ್ಪಿನ ಬಾಗಿಲಿಗೆ ಸಿಕ್ಕಿ ಅದರ ತುದಿ ಮುರಿದಿತ್ತು. ಮುರಿದಲ್ಲಿಗೇ ದಾರ ತೂರುವ ಹೊಸ ಕಣ್ಣು ಅಂಟಿಸಿದ್ದರಿಂದ ರಾಡು ಗಿಡ್ಡವಾಗಿತ್ತು. ಹಿಡಿಯ ಕಾರ್ಕು ಕೊಳೆಯಿಂದ ಕಪ್ಪಾಗಿತ್ತು. ಅದಕ್ಕೂ ಉಂಗುರಗಳೇ ಇದ್ದವು. ಉಂಗುರ ಬೇಡ ಅಂದವನ ರಾಡು!

“ಅಜ್ಜಿ ರೀಲು ಕೊಡು.”

ಅಪ್ಪ ಸ್ಕ್ರೂ ಬಿಚ್ಚಿ ಕೊಟ್ಟ.

ಅವಳು ಹಳೆಯ ಟೇಪನ್ನು ಉಗುರಿನಿಂದ ಕಿತ್ತಳು. ಅಪ್ಪನ ರೀಲನ್ನು ತೆಗೆದು ಅವನ ಕೈಗಿಟ್ಟಳು. ಅಜ್ಜಿಯದನ್ನು ಕೂರಿಸಿ, ಮುಂಗೈಯನ್ನು ಹಿಡಿಗೆ ಒತ್ತಿ ಅಳತೆ ನೋಡಿದಳು. ಬುಡ ಮೊಣಕೈ ದಾಟಿತ್ತು. ರೀಲನ್ನು ಕೆಳಕ್ಕೆ ಸರಿಸಿದಳು. ಇನ್ನೂ ಸ್ವಲ್ಪ. ಈಗ ಸರಿ. ಉಂಗುರ ಬಿಗಿದು, ಚೀಲದಿಂದ ಹೊಸ ಟೇಪು ತೆಗೆದು ಸುತ್ತತೊಡಗಿದಳು.

“ಅಷ್ಟು ಕೆಳಗಿಟ್ರೆ ತುದಿ ಭಾರ...”

ಫೆನ್ನಾ ತಲೆಯೆತ್ತಿ ನೋಡಿದಳು.

“ಇದು ನಂದು,” ಅಂದಳು. “ಎರವಲು ಅಲ್ಲ. ನಂದು.”

“ಫೆನ್ನಾ, ಅದರ ತುದಿ ಮುರಿದಿದೆ.”

“ಗೊತ್ತು. ಅದಕ್ಕೇ ಭಾರ ಇಲ್ಲ. ನೋಡೇ ಆರಿಸಿದ್ದು.”

* * *

ಅರ್ಲೀನ್ ಆಂಟಿ ಸರಿದು ಜಾಗ ಬಿಟ್ಟಳು. ಈ ಸಲ ತಮಾಷೆ ಮಾಡಲಿಲ್ಲ.

ಫೆನ್ನಾ ಬೆಂಡು ಎಸೆದಳು. ದಾರ ನೀರಿಗೆ ತಾಗದಂತೆ ರಾಡನ್ನೆತ್ತಿ, ಬೆರಳನ್ನು ರೀಲಿನ ಅಂಚಿಗೆ ಹಗುರವಾಗಿ ಇಟ್ಟಳು. ಬೆಂಡು ಹೊರಟಿತು. ಪಕ್ಕೆಗೆ ಏನೂ ಚುಚ್ಚಲಿಲ್ಲ. ಹೊಟ್ಟೆಯೊಳಗೆ ಮಾತ್ರ ಸಿಟ್ಟು ಹಾಗೇ ಕೂತಿತ್ತು, ನುಂಗಿದ ಬಿಸಿ ಆಲೂಗಡ್ಡೆಯ ಹಾಗೆ.

ಮತ್ತೆ ಎಸೆದಳು. ಮತ್ತೆ ಸುತ್ತಿಕೊಂಡಳು. ಸ್ವಲ್ಪ ಆಚೆ ಅಪ್ಪ ಹದಿನೈದು ಅಡಿಯ ರಾಡಿಗೆ ತನ್ನ ರೀಲು ಹಾಕಿಕೊಂಡು ನಿಂತಿದ್ದ. ಅವನ ಬೆನ್ನಿಗೆ ಈಗ ಅಷ್ಟು ಖುಷಿ ಇರಲಿಲ್ಲ. ಇಲ್ಲದಿದ್ದರೆ ಇಲ್ಲ. ಒಳ್ಳೇದೇ ಆಯಿತು.

ಮತ್ತೆ ಎಸೆದಳು. ಬಿದ್ದ ಮರದ ಹತ್ತಿರ ನೀರು ಕಪ್ಪಾಗುವಲ್ಲಿ ಬೆಂಡು ಒಮ್ಮೆ ತಡವರಿಸಿತು. ಆಮೇಲೆ ಇರಲಿಲ್ಲ.

ಅವಳು ರಾಡನ್ನು ಎಳೆದಳು. ನದಿಯೇ ತಿರುಗಿ ಎಳೆಯಿತು.

ತಿರುಗುತ್ತಿದ್ದ ರೀಲಿನ ಹಿಡಿಗಳು ಬೆರಳ ಗೆಣ್ಣಿಗೆ ಟಕಟಕ ಬಡಿದವು. ಕೈ ಹಿಂದೆಗೆದಳು. ದಾರ ಹೋಗುತ್ತಲೇ ಇತ್ತು.

“ಮೀನು ಬಿತ್ತು!” ಅರ್ಲೀನ್ ಆಂಟಿ ಕೂಗಿದಳು. ಸಾಲಿನವರೆಲ್ಲ ದಾರ ಮೇಲೆತ್ತಿಕೊಂಡರು. ಅಕ್ಕಪಕ್ಕದವರು ಹಿಂದೆ ಸರಿದರು.

ನೀರು ಒಡೆದು ಬೆಳ್ಳಿಯಂಥದ್ದೊಂದು ಗಾಳಿಗೆ ಹಾರಿ, ಮೈ ಕೊಡವಿ ಬಿತ್ತು. ಸ್ಟೀಲ್‌ಹೆಡ್! ಫೆನ್ನಾಳ ತೋಳಿನಷ್ಟು ಉದ್ದ. ಅಲ್ಲ, ಅದಕ್ಕಿಂತ ಉದ್ದ.

ಹಿಂದಿನಿಂದ ನೀರನ್ನು ತುಳಿದು ಓಡಿ ಬರುವ ಸದ್ದು ಕೇಳಿತು. ಅದು ಯಾರೆಂದು ಅವಳಿಗೆ ನೋಡದೆಯೇ ಗೊತ್ತಾಯಿತು. ಎರಡು ದೊಡ್ಡ ಕೈಗಳು ಅವಳ ಕಡೆ ಚಾಚಿ ಬಂದವು.

“ಮುಟ್ಟಬೇಡ!”

ಕೈಗಳು ಗಾಳಿಯಲ್ಲೇ ನಿಂತವು.

“ಮುಟ್ಟಬೇಡ ಅಪ್ಪ. ಇದು ನನ್ನ ಮೀನು.”

“ಇಲ್ಲ, ಇಲ್ಲ, ಮುಟ್ಟಲ್ಲ,” ಅಂದ ಅಪ್ಪ. ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿ ಬಿಗಿಯಾಗಿ ಒತ್ತಿಕೊಂಡ. “ಅಂಗೈ...” ಅಂತ ಶುರು ಮಾಡಿ, ತುಟಿ ಕಚ್ಚಿಕೊಂಡ.

ಅವಳು ಅಂಗೈಯನ್ನು ರೀಲಿನ ಅಂಚಿಗೆ ಒತ್ತಿದಳು. ಚರ್ಮ ಬಿಸಿಯಾಯಿತು. ಮೀನು ನಿಧಾನವಾಯಿತು. ಮತ್ತೆ ಓಡಿತು. ಬಿಟ್ಟಳು. ಮತ್ತೆ ಒತ್ತಿದಳು. ಅದು ಬಿದ್ದ ಮರದತ್ತ ತಿರುಗಿದಾಗ ಅವಳು ರಾಡನ್ನು ಎಡಕ್ಕೆ ಬಾಗಿಸಿದಳು.

ಪಕ್ಕದಲ್ಲಿ ಅಪ್ಪನೂ ಎಡಕ್ಕೆ ಬಾಗಿದ. ಅವನಿಗೆ ಅದು ತಿಳಿದೇ ಇರಲಿಲ್ಲ. ಕಂಕುಳಲ್ಲಿ ಅವನ ಬೆರಳುಗಳು ಮುದುಡಿ ಬಿಡಿಸಿಕೊಳ್ಳುತ್ತಿದ್ದವು. ಅವಳು ಒತ್ತಿದಾಗ ಒತ್ತುತ್ತಿದ್ದವು, ಅವಳು ಬಿಟ್ಟಾಗ ಬಿಡುತ್ತಿದ್ದವು. ಆದರೆ ಹೊರಗೆ ಬರಲಿಲ್ಲ.

ಅವನ ಹಿಂದೆ, ದಡದ ಒದ್ದೆ ಕಲ್ಲುಗಳ ನಡುವೆ, ಹೊಸ ರಾಡು ಅಡ್ಡಾದಿಡ್ಡಿ ಬಿದ್ದಿತ್ತು. ಅದರ ಅರ್ಧ ನೀರಿನಲ್ಲಿತ್ತು. ಅದನ್ನು ಎಲ್ಲಿ ಬಿಸಾಡಿ ಬಂದೆನೆಂದು ಅಪ್ಪ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಫೆನ್ನಾ ಅದನ್ನು ನೋಡಿದಳು. ಒಂದು ಕ್ಷಣ ಮಾತ್ರ. ಮೀನು ಅದಕ್ಕಿಂತ ಹೆಚ್ಚು ಹೊತ್ತು ಕೊಡಲಿಲ್ಲ.

ಸಿಟ್ಟು ಇನ್ನೂ ಇತ್ತು. ಕಂದು ರಾಡಿನ ಸಿಟ್ಟು ನಾಳೆಗೂ ಇರುತ್ತದೆ, ಅದು ಅವಳಿಗೆ ಗೊತ್ತಿತ್ತು. ಆದರೆ ಈಗ ಯಾರಾದರೂ ಬಂದು “ರಾಡು ಕೆಳಗಿಡು” ಅಂದರೆ ತನ್ನ ಕೈಗಳೂ ಕೇಳುವುದಿಲ್ಲವೆಂದು ಗೊತ್ತಾಯಿತು. ಪಕ್ಕದಲ್ಲಿದ್ದ ಅಪ್ಪನ ಕೈಗಳು ಮಾತ್ರ ಅವಳ ಮಾತು ಕೇಳುತ್ತಿದ್ದವು, ಬಹಳ ಕಷ್ಟದಿಂದ.

ಮೀನು ಸುಸ್ತಾಗಿ ಪಕ್ಕಕ್ಕೆ ವಾಲಿತು. ಮತ್ತೆ ನೆಟ್ಟಗಾಯಿತು.

“ಅಪ್ಪ.”

“ಮುಟ್ಟಿಲ್ಲ! ನಾನು ಮುಟ್ಟಿಲ್ಲ.”

“ರಾಡು ಮುಟ್ಟಬೇಡ,” ಅಂದಳು ಫೆನ್ನಾ. “ಬಲೆ ತಾ.”

ಅಪ್ಪ ಜಾರುತ್ತಾ, ಏಳುತ್ತಾ, ಮೊಣಕಾಲುದ್ದದ ನೀರಲ್ಲಿ ಎರಡೂ ಕೈ ಬೀಸುತ್ತಾ ದಡದಲ್ಲಿಟ್ಟಿದ್ದ ಬಲೆಯ ಕಡೆಗೆ ಓಡಿದ.